ಮನೆ ಸಿಗಲಿಲ್ಲ, ಟೋಕನ್ ದುಡ್ಡೂ ವಾಪಸ್ ಬರಲಿಲ್ಲ

ಪ್ರಶ್ನೆ: ಮೇಡಂ, ನಾನು ಶಿರಸಿಯವಳು. ಕಾರವಾರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಮನೆ ಹುಡುಕಲು ಒಬ್ಬ ಏಜೆಂಟರನ್ನು ಹಿಡಿದೆ. ಮನೆ ತೋರಿಸೋಕೆ ಅಂತ ಮೊದಲೇ 500 ರೂಪಾಯಿ ತೆಗೆದುಕೊಂಡರು. ಕೋಡಿಬಾಗದಲ್ಲಿ 9,000 ಬಾಡಿಗೆಯ ಒಂದು ಮನೆ ಇಷ್ಟವಾಯಿತು. ಏಜೆಂಟರು ಮಾಲಕರ ಜೊತೆ ಕೊಂಕಣಿಯಲ್ಲಿ ಮಾತಾಡಿದರು, ನನಗೆ ಅರ್ಥವಾಗಲಿಲ್ಲ. ಆಮೇಲೆ ‘ಇವತ್ತೇ ಟೋಕನ್ ಹಾಕಿ, ನಾಳೆ ನೇವಿಯವರು ಬಂದರೆ ಮನೆ ಹೋಯ್ತು’ ಅಂದರು. ಅಲ್ಲೇ ನಿಂತು ಅವರ ನಂಬರಿಗೆ 10,000 ಯುಪಿಐ ಮಾಡಿದೆ. ರಸೀದಿ ಇಲ್ಲ. ಹತ್ತು ದಿನ ಬಿಟ್ಟು ಸಾಮಾನು ತರೋಣ ಅಂತ ಫೋನ್ ಮಾಡಿದರೆ, ಮಾಲಕರು 11,000ಕ್ಕೆ ಬೇರೆಯವರಿಗೆ ಕೊಟ್ಟಾಗಿದೆ ಅಂತೆ. ‘ಟೋಕನ್ ವಾಪಸ್ ಕೊಡೋದಿಲ್ಲ, ಬೇರೆ ಮನೆ ತೋರಿಸ್ತೇನೆ, ಅದಕ್ಕೆ ಹಾಕೋಣ’ ಎನ್ನುತ್ತಾರೆ. ಅಪ್ಪ ‘ಹೋಗಲಿ ಬಿಡು, ಹೊಸ ಊರಲ್ಲಿ ಜಗಳ ಬೇಡ’ ಎನ್ನುತ್ತಾರೆ. ಏಜೆಂಟರು ಹೀಗೆ ದುಡ್ಡು ತಗೋಬಹುದಾ? ನನ್ನ ದುಡ್ಡು ಬರುತ್ತದಾ?

ಉತ್ತರ: ಬರಬೇಕು. ಹೇಗೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಆ 10,000 ರೂಪಾಯಿ ಯಾತಕ್ಕೆ ಕೊಟ್ಟಿರಿ?

‘ಟೋಕನ್’ ಅನ್ನಬೇಡಿ. ಅದು ಬರೀ ಹೆಸರು. ಬಾಡಿಗೆ ಮನೆಯ ಟೋಕನ್ ಅಂದರೆ ಇಂತಿಷ್ಟು, ಅದನ್ನು ಇಂಥ ದಿನ ವಾಪಸ್ ಕೊಡಬೇಕು ಅಂತ ನಮ್ಮಲ್ಲಿ ಯಾವ ಕಾಯ್ದೆಯೂ ಬರೆದಿಟ್ಟಿಲ್ಲ. ಅದಕ್ಕೇ ಆ ಮಾತು ಏಜೆಂಟರಿಗೆ ಅಷ್ಟು ಇಷ್ಟ. ಬೆಳಿಗ್ಗೆ ಅದು ಮನೆ ಹಿಡಿದಿಡುವ ದುಡ್ಡು. ಮಧ್ಯಾಹ್ನ ಡಿಪಾಸಿಟ್‌ನ ಒಂದು ಭಾಗ. ಸಂಜೆ ನೀವು ವಾಪಸ್ ಕೇಳಿದಾಗ ಅದು ಅವರ ಕಮಿಷನ್. ಒಂದೇ ನೋಟು, ಮೂರು ವೇಷ.

ಆದ್ದರಿಂದ ಮೊದಲು ವೇಷ ಕಳಚೋಣ. ನೀವು ಬರೆದದ್ದನ್ನು ನೋಡಿದರೆ ಆ ದುಡ್ಡು ಕೋಡಿಬಾಗದ ಆ ಒಂದು ಮನೆಯನ್ನು ನಿಮಗಾಗಿ ಹಿಡಿದಿಡಲು ಕೊಟ್ಟದ್ದು. ‘ನಾಳೆ ನೇವಿಯವರು ಬಂದರೆ ಮನೆ ಹೋಯ್ತು’ ಎಂಬ ಮಾತೇ ಅದಕ್ಕೆ ಸಾಕ್ಷಿ. ಅಂದರೆ ಆಗ ಇಬ್ಬರೂ ಒಂದೊಂದು ಮಾತು ಕೊಟ್ಟಿರಿ. ನೀವು ಬೇರೆ ಮನೆ ನೋಡುವುದಿಲ್ಲ. ಅವರು ಬೇರೆಯವರಿಗೆ ಕೊಡುವುದಿಲ್ಲ. ನೀವು ನಿಮ್ಮ ಮಾತು ಉಳಿಸಿಕೊಂಡಿರಿ. ಅವರು ಎರಡು ಸಾವಿರ ಜಾಸ್ತಿ ಸಿಕ್ಕಿತು ಅಂತ ಮುರಿದರು. ಮಾತು ಮುರಿದವರೇ ದುಡ್ಡನ್ನೂ ಇಟ್ಟುಕೊಳ್ಳುತ್ತೇವೆ ಅನ್ನುವುದಕ್ಕೆ 1872ರ ಕರಾರು ಕಾಯ್ದೆಯಲ್ಲಿ ಎಲ್ಲೂ ಜಾಗ ಇಲ್ಲ. ‘ಟೋಕನ್ ವಾಪಸ್ ಇಲ್ಲ’ ಎಂಬ ರೂಢಿಯ ಮಾತು ನಿಜವಿದ್ದರೂ ಅದು ಬಾಡಿಗೆಗೆ ಬರುವವರು ಹಿಂದೆ ಸರಿದಾಗಿನ ಮಾತು. ನಿಮಗೆ ಅದನ್ನು ಹೇಳುವುದೇ ತಪ್ಪು.

ಇನ್ನು, ಹಿಂದೆ ಸರಿದವರು ನೀವೇ ಆಗಿದ್ದರೆ? ಆಗಲೂ ಪೂರ್ತಿ ದುಡ್ಡು ನುಂಗುವ ಹಾಗಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಹೇಳುವುದು ನ್ಯಾಯವಾದ ಪರಿಹಾರದ ಮಾತನ್ನು. ಕರಾರಿನಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. 2015ರಲ್ಲಿ ಸುಪ್ರೀಂ ಕೋರ್ಟ್ ಕೈಲಾಸ್ ನಾಥ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ದೆಹಲಿಯಲ್ಲಿ 1982ರಲ್ಲಿ ಹರಾಜಾದ ಒಂದು ನಿವೇಶನಕ್ಕೆ 3.12 ಕೋಟಿ ಬಿಡ್ ಆಗಿತ್ತು. ಕೊಳ್ಳುವವರು ಕಾಲುಭಾಗ, ಅಂದರೆ 78 ಲಕ್ಷ ಮುಂಗಡ ಕಟ್ಟಿದ್ದರು. ಮುಂದೆ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಆ 78 ಲಕ್ಷವನ್ನು ಮುಟ್ಟುಗೋಲು ಹಾಕಿಕೊಂಡಿತು. ಅದೇ ನಿವೇಶನವನ್ನು 11.78 ಕೋಟಿಗೆ ಮತ್ತೆ ಮಾರಿತು. ನಷ್ಟವೇ ಆಗದಿದ್ದ ಮೇಲೆ ಮುಂಗಡ ನುಂಗುವುದು ಹೇಗೆ ಅಂತ ಕೇಳಿದ ಕೋರ್ಟು ದುಡ್ಡು ವಾಪಸ್ ಕೊಡಿಸಿತು. ಕೋಡಿಬಾಗದ ಮಾಲಕರ ಲೆಕ್ಕವೂ ಹಾಗೇ ಅಲ್ವಾ? ಅವರಿಗೆ ತಿಂಗಳಿಗೆ 2,000 ಲಾಭವೇ ಆಗಿದೆ.

ಒಬ್ಬರು ಟೋಕನ್ ಕೊಟ್ಟು, ಹದಿನೈದು ದಿನ ಮನೆ ಖಾಲಿ ಇಡಿಸಿ, ಕೊನೆಗೆ ಬರುವುದಿಲ್ಲ ಅಂದರೆ ಆ ಹದಿನೈದು ದಿನದ ಬಾಡಿಗೆಯನ್ನು ಮಾಲಕರು ಮುರಿದುಕೊಳ್ಳುವುದು ನ್ಯಾಯ. ಅದಕ್ಕೆ ನನ್ನ ತಕರಾರಿಲ್ಲ. ಮಾಲಕರೆಲ್ಲ ಸಾಹುಕಾರರಲ್ಲ. ಮೇಲಿನ ಮಹಡಿಯ ಬಾಡಿಗೆಯಲ್ಲೇ ಔಷಧಿ ಖರ್ಚು ತೂಗಿಸುವ ವಯಸ್ಸಾದವರು ಹಬ್ಬುವಾಡದಲ್ಲೂ ಇದ್ದಾರೆ, ಸದಾಶಿವಗಡದಲ್ಲೂ ಇದ್ದಾರೆ.

ಈಗ ದೊಡ್ಡ ಗಂಟು. ದುಡ್ಡು ಯಾರ ಹತ್ತಿರ ಇದೆ? ನೀವು ಹಾಕಿದ್ದು ಏಜೆಂಟರ ನಂಬರಿಗೆ. ಅವರು ಅದನ್ನು ಮಾಲಕರಿಗೆ ದಾಟಿಸಿದರೋ ಇಲ್ಲವೋ ನಿಮಗೆ ಗೊತ್ತಿಲ್ಲ. ಇದನ್ನು ಮೊದಲು ತಿಳಿದುಕೊಳ್ಳಿ. ಕೊಂಕಣಿ ಬರುವ ಸಹೋದ್ಯೋಗಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಮಾಲಕರ ಮನೆಗೆ ಹೋಗಿ. ಜಗಳಕ್ಕಲ್ಲ, ಸುಮ್ನೆ ಕೇಳಲಿಕ್ಕೆ. ‘ನನ್ನ ಟೋಕನ್ ನಿಮಗೆ ತಲುಪಿತ್ತಾ?’ ಅಂತ ಕೇಳಿದರೆ ಸಾಕು. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಮಾಲಕರು ‘ಯಾವ ಟೋಕನ್?’ ಅಂತಲೇ ಕೇಳುತ್ತಾರೆ. ಅವರಿಗೆ ನೀವು ಮನೆ ನೋಡಿ ಹೋದ ಹತ್ತು ಜನರಲ್ಲಿ ಒಬ್ಬರು, ಅಷ್ಟೇ. ಹಾಗಾದರೆ ಮಾಲಕರು ಮಾತು ಮುರಿದರು ಎಂಬ ಕಥೆಯೇ ಸುಳ್ಳಾಗುತ್ತದೆ. ನಿಮ್ಮ ಹತ್ತಿರ ದುಡ್ಡು ತೆಗೆದುಕೊಂಡವರು ಮನೆಯನ್ನು ಹಿಡಿದಿಡಲೇ ಇಲ್ಲ ಅಂತಾಯಿತು. ದುಡ್ಡು ತಲುಪಿದೆ ಅಂತ ಮಾಲಕರು ಒಪ್ಪಿದರೆ ಇಬ್ಬರನ್ನೂ ಕೇಳಬಹುದು. ಅವರ ಪರವಾಗಿ ನಿಂತ ಏಜೆಂಟರ ಕೈಗೆ ಕೊಟ್ಟ ದುಡ್ಡು ಮಾಲಕರ ಕೈಗೆ ಕೊಟ್ಟ ಹಾಗೇ.

‘ಬೇರೆ ಮನೆಗೆ ಹಾಕೋಣ’ ಎಂಬ ಮಾತಿಗೆ ಹೂಂ ಅನ್ನಬೇಡಿ. ಹೂಂ ಅಂದರೆ ಆ ದುಡ್ಡು ಒಂದು ಮನೆಯಿಂದ ಕಳಚಿ ಅವರ ಸೇವೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಅವರು ತೋರಿಸುವ ಮನೆಗಳೆಲ್ಲ ಒಂದೋ ಸೋರುತ್ತವೆ, ಇಲ್ಲವೋ ಬಾಡಿಗೆ ಜಾಸ್ತಿ ಇರುತ್ತವೆ. ಬೇಡ ಅಂದದ್ದು ನೀವೇ ಅಂತಾಗುತ್ತದೆ.

ಆ 500 ರೂಪಾಯಿ ವಿಷಯ ಬೇರೆ. ಅದು ಮನೆ ತೋರಿಸಿದ್ದಕ್ಕೆ. ತೋರಿಸಿದರು. ಅದನ್ನು ವಾಪಸ್ ಕೇಳುವುದು ಕಷ್ಟ, ಕೇಳಿ ಅಂತ ನಾನೂ ಹೇಳುವುದಿಲ್ಲ. ಒಂದೂ ಮನೆ ತೋರಿಸದೆ, ಫೋಟೋ ಕಳಿಸಿ ‘ರಿಜಿಸ್ಟ್ರೇಷನ್ ಫೀ’ ಅಂತ ವಸೂಲಿ ಮಾಡಿದ್ದರೆ ಮಾತು ಬೇರೆ ಇತ್ತು.

ಏಜೆಂಟರು ದುಡ್ಡು ತಗೋಬಹುದಾ ಅಂತ ಕೇಳಿದ್ದೀರಿ. ಕೆಲಸ ಮಾಡಿದ್ದಕ್ಕೆ ಕಮಿಷನ್ ತಗೋಬಹುದು. ಎಷ್ಟು ಅನ್ನುವುದು ರೂಢಿ ಮತ್ತು ಮಾತುಕತೆಯ ಮೇಲೆ. ಒಂದು ತಿಂಗಳ ಬಾಡಿಗೆ ಕೇಳುವುದು ಸಾಮಾನ್ಯ, ಅರ್ಧ ತಿಂಗಳಿಗೆ ಇಳಿಸುವವರೂ ಇದ್ದಾರೆ. ಕೆಲವರು ಮಾಲಕರ ಹತ್ತಿರವೂ ತೆಗೆದುಕೊಳ್ಳುತ್ತಾರೆ. ಆದರೆ ಕಮಿಷನ್ ಹುಟ್ಟುವುದು ಮನೆ ಕುದುರಿದ ಮೇಲೆ. ಕರಾರು ಪತ್ರಕ್ಕೆ ಸಹಿ ಬಿದ್ದು, ಕೀಲಿ ಕೈಗೆ ಬರುವ ಹೊತ್ತಿಗೆ. ಮನೆಯೇ ಸಿಗದಿದ್ದರೆ ಕಮಿಷನ್ ಎಲ್ಲಿಂದ ಬಂತು?

ಇವರನ್ನು ಹಿಡಿಯುವ ಕಾನೂನು ಇಲ್ಲವಾ ಅಂತ ತುಂಬಾ ಜನ ಕೇಳುತ್ತಾರೆ. ಇದೆ, ಆದರೆ ತೂತುಗಳೇ ಜಾಸ್ತಿ. ರೇರಾ ಅಂತ ಹೇಳುತ್ತಾರಲ್ಲ, 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅದರಲ್ಲಿ ಏಜೆಂಟರು ನೋಂದಣಿ ಮಾಡಿಸಬೇಕು. ಆದರೆ ಅದು ಸೈಟು, ಫ್ಲ್ಯಾಟು ಮಾರಿಸುವವರಿಗೆ. ಬಾಡಿಗೆ ಮನೆ ತೋರಿಸುವವರು ಅದರ ಬಲೆಗೆ ಬೀಳುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕು ಎಂಬ ಮಾತು ಇದೆ. ಇಷ್ಟು ವರ್ಷದಲ್ಲಿ ಯಾವ ಏಜೆಂಟರ ಅಂಗಡಿ ಗೋಡೆಯಲ್ಲೂ ಆ ಪ್ರಮಾಣಪತ್ರ ನೇತಾಡುವುದನ್ನು ನಾನು ನೋಡಿಲ್ಲ. ಅದೂ ಅಲ್ಲದೆ ಆ ಕಾಯ್ದೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಬಾಡಿಗೆ ಮೀರಿದ ಮನೆಗಳನ್ನು ಹೊರಗಿಡುತ್ತದೆ. ಇವತ್ತು ಕಾರವಾರದಲ್ಲಿ 2,000ಕ್ಕೆ ಮನೆಯಲ್ಲ, ಬೈಕ್ ನಿಲ್ಲಿಸುವ ಶೆಡ್ ಸಿಕ್ಕರೆ ಪುಣ್ಯ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳಬಾರದು ಅಂತಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ತಂದರಷ್ಟೇ ಅದಕ್ಕೆ ಹಲ್ಲು.

ಇಂಗ್ಲೆಂಡಿನಲ್ಲಿ ಇದೇ ರಗಳೆ ಇತ್ತು. ಅರ್ಜಿ ಶುಲ್ಕ, ಪರಿಶೀಲನೆ ಶುಲ್ಕ ಅಂತ ಏಜೆಂಟರು ಸುಲಿಯುತ್ತಿದ್ದರು. 2019ರ ಜೂನ್ 1ರಿಂದ ಅಲ್ಲಿ ಬಾಡಿಗೆದಾರರ ಹತ್ತಿರ ಅಂಥ ಶುಲ್ಕ ಕೇಳುವುದನ್ನೇ ನಿಲ್ಲಿಸಿದರು. ಮನೆ ಹಿಡಿದಿಡುವ ದುಡ್ಡು ಒಂದು ವಾರದ ಬಾಡಿಗೆ ಮೀರುವಂತಿಲ್ಲ. ಬೇರೆ ಗಡುವು ಮಾತಾಡಿಕೊಳ್ಳದಿದ್ದರೆ ಹದಿನೈದು ದಿನದೊಳಗೆ ಕರಾರು ಮುಗಿಯಬೇಕು. ಮಾಲಕರ ಕಡೆಯಿಂದ ಮುರಿದುಬಿದ್ದರೆ ಏಳು ದಿನದಲ್ಲಿ ದುಡ್ಡು ವಾಪಸ್. ಆ ಕಾನೂನು ನಮಗೆ ಬರುವುದಿಲ್ಲ. ಆದರೆ ಅದರ ಅಳತೆ ಚೆನ್ನಾಗಿದೆ. 9,000 ಬಾಡಿಗೆಗೆ ಒಂದು ವಾರ ಅಂದರೆ ಸುಮಾರು 2,100. ನಿಮ್ಮಿಂದ ತೆಗೆದುಕೊಂಡದ್ದು ಅದರ ನಾಲ್ಕು ಪಾಲಿಗಿಂತ ಜಾಸ್ತಿ.

ಈಗ ಮಾಡಬೇಕಾದ ಕೆಲಸ. ವಾಟ್ಸಾಪ್‌ನಲ್ಲಿ ಅವರ ಜೊತೆ ಆಡಿದ ಮಾತು ಯಾವುದನ್ನೂ ಅಳಿಸಬೇಡಿ. ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದ್ದರೆ ಈಗಲೇ ತೆಗೆಯಿರಿ. ಯುಪಿಐ ವಿವರದಲ್ಲಿ ದಿನಾಂಕ, ಸಮಯ, ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ರಸೀದಿ ಇಲ್ಲ ಅಂತ ಕೊರಗಬೇಡಿ. ದುಡ್ಡು ಹೋದದ್ದಕ್ಕೆ ಬ್ಯಾಂಕಿನ ದಾಖಲೆ ರಸೀದಿಗಿಂತ ಗಟ್ಟಿ. ಇಲ್ಲದಿರುವುದು ‘ಯಾತಕ್ಕೆ’ ಎಂಬುದರ ದಾಖಲೆ. ಅದನ್ನು ಈಗಲೂ ಹುಟ್ಟಿಸಬಹುದು. ಏಜೆಂಟರಿಗೆ ಸಿಟ್ಟಿಲ್ಲದ ಒಂದು ಮೆಸೇಜು ಹಾಕಿ: ‘ನಮಸ್ಕಾರ, ಕೋಡಿಬಾಗದ ಮನೆಗೆ ಇಂಥ ದಿನ ಟೋಕನ್ ಅಂತ ನಿಮಗೆ 10,000 ಹಾಕಿದ್ದೆ. ಮನೆ ಬೇರೆಯವರಿಗೆ ಹೋಯಿತು ಅಂದಿರಿ. ಆ ದುಡ್ಡು ಯಾವಾಗ ವಾಪಸ್ ಹಾಕ್ತೀರಿ?’ ಅವರು ‘ವಾಪಸ್ ಇಲ್ಲ, ಬೇರೆ ಮನೆಗೆ ಹಾಕೋಣ’ ಅಂತ ಬರೆದರೆ ನಿಮ್ಮ ಅರ್ಧ ಕೇಸು ಅವರೇ ಬರೆದುಕೊಟ್ಟಂತೆ. ದುಡ್ಡು ಬಂದದ್ದೂ ಒಪ್ಪಿದರು, ಅದು ಒಂದು ಮನೆಗೆ ಬಂದದ್ದು ಅಂತಲೂ ಒಪ್ಪಿದರು.

ಮೆಸೇಜಿಗೆ ಜಗ್ಗದಿದ್ದರೆ ಒಂದು ಕಾಗದ. ವಕೀಲರ ನೋಟಿಸೇ ಆಗಬೇಕಿಲ್ಲ, ನೀವೇ ಬರೆಯಬಹುದು. ಕನ್ನಡದಲ್ಲೇ, ಹೀಗೆ:

‘ಇಂಥ ದಿನಾಂಕದಂದು ಕೋಡಿಬಾಗದ ಬಾಡಿಗೆ ಮನೆಯನ್ನು ನನಗಾಗಿ ಕಾಯ್ದಿರಿಸಲು ನಿಮ್ಮ ಖಾತೆಗೆ 10,000 ರೂಪಾಯಿ ಕಳಿಸಿರುತ್ತೇನೆ. ಯುಟಿಆರ್ ನಂಬರ್ ಇಂಥದ್ದು. ಸದರಿ ಮನೆಯನ್ನು ಬೇರೆಯವರಿಗೆ ಕೊಡಲಾಗಿದೆ ಎಂದು ನೀವೇ ತಿಳಿಸಿರುತ್ತೀರಿ. ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಹಣ ಹಿಂತಿರುಗಿಸದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಆ ಖರ್ಚಿಗೂ ನೀವೇ ಹೊಣೆ.’

ಇಷ್ಟೇ. ಮೋಸಗಾರ, ಕಳ್ಳ ಅಂತೆಲ್ಲ ಸೇರಿಸಬೇಡಿ. ಅಂಥ ಒಂದು ಪದ ಸಾಕು, ಅವರು ಅದನ್ನೇ ಹಿಡಿದು ಕೂಗಾಡಲಿಕ್ಕೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಬಹಳಷ್ಟು ದುಡ್ಡು ಈ ಹಂತದಲ್ಲೇ ವಾಪಸ್ ಬರುತ್ತದೆ. ಏಜೆಂಟರಿಗೆ ಊರಲ್ಲಿ ಹೆಸರು ಬೇಕು. ಕೈಗಾದಿಂದ, ನೇವಿಯಿಂದ, ಮೆಡಿಕಲ್ ಕಾಲೇಜಿನಿಂದ ವರ್ಷಾ ವರ್ಷಾ ಹೊಸಬರು ಬರುತ್ತಲೇ ಇರುತ್ತಾರೆ. ಹತ್ತು ಸಾವಿರಕ್ಕೆ ಆ ಗಿರಾಕಿಗಳನ್ನು ಕಳೆದುಕೊಳ್ಳಲು ಅವರು ಪೆದ್ದರಲ್ಲ.

ಹಾಗೂ ಬಾರದಿದ್ದರೆ ಗ್ರಾಹಕರ ಆಯೋಗ. ದುಡ್ಡು ತೆಗೆದುಕೊಂಡು ಮನೆ ಹುಡುಕಿಕೊಡುವುದು ಒಂದು ಸೇವೆ, ಅದರಲ್ಲಿ ಲೋಪವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷ ಅವಕಾಶ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ವಕೀಲರು ಬೇಕೆಂದಿಲ್ಲ, ನೀವೇ ವಾದಿಸಬಹುದು. ನಮ್ಮ ಜಿಲ್ಲೆಯ ಆಯೋಗ ಇರುವುದು ಕಾರವಾರದಲ್ಲೇ. ಶಿರಸಿಯಲ್ಲಿದ್ದುಕೊಂಡು ಹೋರಾಡುವವರಾದರೆ ಪ್ರತಿ ಸಲ ದೇವಿಮನೆ ಘಟ್ಟ ಇಳಿದು ಬರಬೇಕಿತ್ತು. ಈಗ ಇ-ಜಾಗೃತಿ ಪೋರ್ಟಲ್‌ನಲ್ಲಿ ಕೂತಲ್ಲಿಂದಲೇ ದೂರು ಹಾಕಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ. ಒಂದು ಎಚ್ಚರಿಕೆ. ಆಯೋಗದಲ್ಲಿ ಎದುರುಪಾರ್ಟಿ ಏಜೆಂಟರಾಗಿರಲಿ. ಬರೀ ಮನೆ ಬಾಡಿಗೆಗೆ ಕೊಡುವ ಮಾಲಕರು ಸೇವೆ ಕೊಡುವವರಲ್ಲ ಅಂತ ವಾದ ಎದ್ದರೆ ದೂರು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಒಬ್ಬರೇ ಆಗುವುದಿಲ್ಲ ಅನ್ನಿಸಿದರೆ ಕಾರವಾರದ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ನೆರವು, 1987ರ ಕಾಯ್ದೆಯಲ್ಲೇ ಹಾಗೆ ಬರೆದಿದೆ. ಸಂಬಳ ಬರುವ ನರ್ಸ್ ನಾನು, ನನಗೆ ಸಿಗುತ್ತದಾ ಅಂತ ಅನುಮಾನ ಬೇಡ. 15100 ಅವರ ಫೋನ್ ನಂಬರ್.

ಪೊಲೀಸ್ ಠಾಣೆಗೆ ಓಡುವುದು ಮೊದಲ ಹೆಜ್ಜೆ ಅಲ್ಲ. ದುಡ್ಡು ಕೊಡದಿರುವುದೆಲ್ಲ ವಂಚನೆ ಆಗುವುದಿಲ್ಲ. ಶುರುವಿನಿಂದಲೇ ಮೋಸದ ಮನಸ್ಸು ಇತ್ತು ಅಂತ ತೋರಿಸಬೇಕು. ಮಾಲಕರು ‘ಯಾವ ಟೋಕನ್?’ ಅಂದರೆ, ಅಥವಾ ಅದೇ ಮನೆಗೆ ಇನ್ನೂ ಇಬ್ಬರ ಹತ್ತಿರ ಟೋಕನ್ ತೆಗೆದುಕೊಂಡಿದ್ದು ಗೊತ್ತಾದರೆ, ಆಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ನೆನಪಿಗೆ ಬರಲಿ. ಹಳೆಯ 420 ಈಗ ಅದೇ. ಆಗ ಮೂವರೂ ಒಟ್ಟಿಗೆ ಹೋಗಿ.

ನಿಮ್ಮದು ಊರಿನ ಏಜೆಂಟರ ಕಥೆ. ಮುಖ ಇದೆ, ಅಂಗಡಿ ಇದೆ. ಮುಖವೇ ಇಲ್ಲದವರದ್ದು ಇನ್ನೊಂದು ಜಾತಿ. ಮೊಬೈಲ್‌ನಲ್ಲಿ ಚಂದದ ಮನೆಯ ಫೋಟೋ, ಕಡಿಮೆ ಬಾಡಿಗೆ. ‘ನಾನು ನೌಕಾದಳದಲ್ಲಿದ್ದೇನೆ, ವರ್ಗಾವಣೆ ಆಗಿದೆ’ ಎಂಬ ಮಾತು. ಗುರುತಿನ ಚೀಟಿಯ ಫೋಟೋವನ್ನೂ ಕಳಿಸುತ್ತಾರೆ. ಅರ್ಗಾದಲ್ಲಿ ಕದಂಬ ನೌಕಾನೆಲೆ ಇರುವುದರಿಂದ ನಮ್ಮ ಊರಲ್ಲಿ ಆ ಮಾತು ಬೇಗ ನಂಬಿಕೆ ಹುಟ್ಟಿಸುತ್ತದೆ. ಮನೆ ನೋಡಬೇಕೆಂದರೆ ಗೇಟ್ ಪಾಸ್‌ಗೆ ಅಂತ ಒಂದಿಷ್ಟು ಮೊದಲೇ ಹಾಕಿ ಎನ್ನುತ್ತಾರೆ. ಹಾಕಿದ ಮೇಲೆ ಫೋನ್ ಸ್ವಿಚ್ ಆಫ್. ಅಂಥದ್ದಾದರೆ ಕಾಗದ, ನೋಟಿಸು ಅಂತ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಲ್ಲಿ ಗಂಟೆಗಳ ಲೆಕ್ಕ. ದುಡ್ಡು ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಯಬೇಕು.

ಮುಂದಿನ ಮನೆಗೆ ದುಡ್ಡು ಹಾಕುವಾಗ ಒಂದು ಸಣ್ಣ ಉಪಾಯ. ಯುಪಿಐನಲ್ಲಿ ಟಿಪ್ಪಣಿ ಬರೆಯಲು ಒಂದು ಖಾಲಿ ಜಾಗ ಇರುತ್ತದಲ್ಲ, ನಾವು ಯಾರೂ ತುಂಬುವುದಿಲ್ಲ. ಅಲ್ಲಿ ‘ನಂದನಗದ್ದಾ ಮನೆ ಟೋಕನ್, ಮನೆ ಸಿಗದಿದ್ದರೆ ವಾಪಸ್’ ಅಂತ ಬರೆದು ಕಳಿಸಿ. ಅದೇ ಸಾಲನ್ನು ವಾಟ್ಸಾಪ್‌ನಲ್ಲೂ ಹಾಕಿ, ಅವರಿಂದ ‘ಸರಿ’ ಅನ್ನಿಸಿಕೊಳ್ಳಿ. ಆ ಒಂದು ‘ಸರಿ’ಗೆ ಕೋರ್ಟಿನಲ್ಲಿ ಎಷ್ಟು ತೂಕ ಅಂತ ಏಜೆಂಟರಿಗೂ ಗೊತ್ತು. ಕೆಲವರು ಅಷ್ಟಕ್ಕೇ ಟೋಕನ್ ಬೇಡ ಅಂದುಬಿಡುತ್ತಾರೆ. ಆದಷ್ಟು ದುಡ್ಡನ್ನು ಮಾಲಕರ ಖಾತೆಗೇ ಹಾಕಿ. ಅವರು ನಿಜಕ್ಕೂ ಮಾಲಕರೇ ಅಂತ ತಿಳಿಯಲು ಹೆಸ್ಕಾಂ ಕರೆಂಟ್ ಬಿಲ್ ಕೇಳಿ, ಇಲ್ಲವೇ ನಗರಸಭೆಯ ತೆರಿಗೆ ರಸೀದಿ. ಹೆಸರು ತಾಳೆಯಾಗದಿದ್ದರೆ ಏನಂತ ವಿಚಾರಿಸಿ. ತೀರಿಕೊಂಡ ಅಜ್ಜನ ಹೆಸರಲ್ಲೇ ಬಿಲ್ ಬರುತ್ತಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಅದೇನೂ ಮೋಸ ಅಲ್ಲ.

ರಸೀದಿ ಕೇಳಲು ಸಂಕೋಚ ಆಯಿತು ಅಂತ ನೀವು ಬರೆದಿಲ್ಲ, ಆದರೆ ನನಗೆ ಗೊತ್ತು. ನಾನು ವಕೀಲಿಕೆ ಶುರುಮಾಡಿದ ಹೊಸದರಲ್ಲಿ ಕಾಜುಬಾಗದಲ್ಲಿ ಒಂದು ಕೋಣೆಗೆ ಟೋಕನ್ ಕೊಟ್ಟೆ, ಕೈಯಲ್ಲೇ ನೋಟು. ತೆಗೆದುಕೊಂಡವರು ವಯಸ್ಸಾದವರು, ಚಾ ಬೇರೆ ಕುಡಿಸಿದ್ದರು. ರಸೀದಿ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಾದೆ. ಕೋಣೆ ಸಿಗಲಿಲ್ಲ, ದುಡ್ಡೂ ಬರಲಿಲ್ಲ. ದಿನವಿಡೀ ಕಕ್ಷಿದಾರರಿಗೆ ರಸೀದಿ ಎಲ್ಲಿ, ರಸೀದಿ ಎಲ್ಲಿ ಅಂತ ಕೇಳುತ್ತಿದ್ದವಳು ನಾನು!

ನಿಮ್ಮ ಅಪ್ಪನ ಮಾತಿಗೆ ಬರೋಣ. ಹೊಸ ಊರಲ್ಲಿ ಜಗಳ ಬೇಡ ಅನ್ನುವುದು ತಪ್ಪಲ್ಲ. ಮಗಳು ಒಬ್ಬಳೇ ಇರುವಾಗ ಹಾಗೇ ಅನ್ನಿಸುತ್ತದೆ. ಆದರೆ ಮೆಸೇಜು ಹಾಕುವುದು, ಕಾಗದ ಬರೆಯುವುದು ಜಗಳ ಅಲ್ಲ ಅಂತ ಅವರಿಗೆ ಹೇಳಿ. ಏಜೆಂಟರ ಅಂಗಡಿಗೆ ಒಬ್ಬರೇ ಹೋಗಿ ಗಟ್ಟಿ ದನಿಯಲ್ಲಿ ಕೇಳುವುದು ಬೇಡ, ಅದು ಬೇಕಾಗಿಯೂ ಇಲ್ಲ. ಮುಂದಿನ ಮನೆ ನೋಡುವ ದಿನ ಅಪ್ಪನನ್ನೋ ಆಯಿಯನ್ನೋ ಕರೆಸಿಕೊಳ್ಳಿ.

ಮತ್ತೆ ಕೋಡಿಬಾಗದ ಕಡೆಯೇ ನೋಡುತ್ತಿದ್ದರೆ, ಟೋಕನ್ ಮಾತು ತೆಗೆಯುವ ಮೊದಲು ಆ ಮನೆಯ ಬಾವಿ ನೀರನ್ನು ಒಂದು ಗುಟುಕು ಕುಡಿದು ನೋಡಿ. ಕಾಳಿ ನದಿ ಸಮುದ್ರ ಸೇರುವ ಜಾಗ ಅದು. ಮಳೆಗಾಲದಲ್ಲಿ ಸಿಹಿಯಾಗಿರುವ ಬಾವಿ ಏಪ್ರಿಲ್, ಮೇನಲ್ಲಿ ಉಪ್ಪಾಗಬಹುದು. ಮಾಲಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.